ಅಂಗಡಿ ಮಾತ್ರೆ, ಮೊಬೈಲ್ ಮಾಹಿತಿ



ಜ್ವರ, ಮೈಕೈ ನೋವು ಬಂದರೆ ಚೀಟಿ ಇಲ್ಲದೆ ಮಾತ್ರೆ ತರುವುದು ಶಿಕಾರಿಪುರ, ಸೊರಬ ಕಡೆ ನಮ್ಮೆಲ್ಲರ ರೂಢಿ. 2019ರಲ್ಲಿ ಕೇಂದ್ರ ಸರ್ಕಾರ ತಂದ 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ಔಷಧದ ಮೂಲ ಹೆಸರು ಹಾಕಿದರೆ ಜನೌಷಧಿ ಕೇಂದ್ರದ ದರ ಸಿಗುತ್ತದೆ. ಸಂಘದಲ್ಲಿ ಒಬ್ಬರ ಫೋನಿನಲ್ಲಿದ್ದರೂ ಸಾಕು. ಮೂಲ ಹೆಸರು ಮಾತ್ರೆಯ ಹಾಳೆಯ ಮೇಲೇ ಇರುತ್ತೆ. ಶೀತದ ಮಾತ್ರೆ, ಜ್ವರದ ಮಾತ್ರೆ ಎರಡರಲ್ಲೂ ಪ್ಯಾರಾಸಿಟಮಾಲ್ ಇದ್ದರೆ ಒಟ್ಟಿಗೆ ನುಂಗಬಾರದು. ಹೆಚ್ಚಾದರೆ ಲಿವರ್ ಕೆಡುತ್ತೆ.

ಆದರೆ ಬಂದಿರೋದು ಯಾವ ಜ್ವರ ಅಂತ ಆ್ಯಪ್ ಹೇಳಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ. ಸೊಪ್ಪು-ಸೌದೆಗೆ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ, ರಕ್ತಸ್ರಾವ ಹೆಚ್ಚಬಹುದು. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋದದ್ದನ್ನೂ ಡಾಕ್ಟರಿಗೆ ಹೇಳಿ.