ಮೆಟ್ಟಿಲ ಅಂಚಿನ ದೀಪಮಾಲೆ

ಕುಮಟಾ ತಾಲ್ಲೂಕಿನ ಸಂತೆಗುಳಿಯಂತಹ ಊರುಗಳಲ್ಲಿ, ಮಳೆಗಾಲದ ಇರುಳು ಉಪ್ಪರಿಗೆಯಿಂದ ಇಳಿಯುವ ವೃದ್ಧರಿಗೆ ಕಾಣದ ಮೆಟ್ಟಿಲೇ ಶತ್ರು. ಆದುದರಿಂದ ಮೆಟ್ಟಿಲ ಅಂಚಿಗೆ ಎಲ್.ಇ.ಡಿ. ಪಟ್ಟಿ ಅಳವಡಿಸುವ ಈಗಿನ ರೂಢಿಯನ್ನು ನಾವು ಬರಿಯ ಆಡಂಬರವೆನ್ನಲಾರೆವು.

ಡಬ್ಲ್ಯುಎಸ್ 2812ಬಿ ಎಂಬ ಜಾತಿಯ ಪಟ್ಟಿಯಲ್ಲಿ ಪ್ರತಿ ದೀಪದೊಳಗೂ ಒಂದು ಚಿಪ್ ಇದೆ. ಪಂಕ್ತಿಯಲ್ಲಿ ಕುಳಿತವರು ತಮ್ಮ ಪಾಲನ್ನು ತೆಗೆದುಕೊಂಡು ಮಿಕ್ಕುದನ್ನು ಪಕ್ಕದವರಿಗೆ ದಾಟಿಸುವಂತೆ, ಅದು ತನ್ನ ಬಣ್ಣದ ಸಂಕೇತವನ್ನಿಟ್ಟುಕೊಂಡು ಉಳಿದುದನ್ನು ಮುಂದಕ್ಕೆ ಕಳುಹಿಸುತ್ತದೆ. ಎಂತಲೇ ಪಟ್ಟಿಯನ್ನು ಅದರ ಮೇಲಿನ ಬಾಣದ ದಿಕ್ಕಿನಲ್ಲಿಯೇ ಜೋಡಿಸತಕ್ಕದ್ದು.

5 ವೋಲ್ಟ್ ತಾನೆ ಎಂಬ ಉದಾಸೀನ ಸಲ್ಲದು. ಪೂರ್ಣ ಬಿಳುಪಿನಲ್ಲಿ ಒಂದು ದೀಪ ಹೆಚ್ಚೆಂದರೆ 60 ಮಿಲಿ ಆಂಪಿಯರ್ ಎಳೆದುಕೊಳ್ಳುತ್ತದೆ. 15 ಮೆಟ್ಟಿಲಿಗೆ ತಲಾ 20ರಂತೆ 300 ದೀಪಗಳಾದರೆ 18 ಆಂಪಿಯರ್! ಸಣ್ಣ ತಂತಿ ಇದನ್ನು ತಾಳಲಾರದೆ ಕಾಯುತ್ತದೆ. ದೂರದ ಮೆಟ್ಟಿಲಿನ ಬಿಳಿ ಬೆಳಕು ಕೆಂಪೇರಿ ಮಂಕಾಗುತ್ತದೆ. ದಪ್ಪ ತಂತಿಯಿಂದ ಹಲವೆಡೆ ವಿದ್ಯುತ್ತನ್ನು ಒದಗಿಸಬೇಕು, ಫ್ಯೂಸ್ ಇರಬೇಕು, ನಿಯಂತ್ರಕದ ಮತ್ತು ಪಟ್ಟಿಯ ಋಣ ತಂತಿಗಳು ಕೂಡಿರಬೇಕು. 230 ವೋಲ್ಟಿನ ಕಡೆಯ ಕೆಲಸವಂತೂ ಪರಿಣತ ಎಲೆಕ್ಟ್ರಿಷಿಯನ್‌ನದು.

ಬಣ್ಣದೋಟ ಹಬ್ಬದ ದಿನ ಮಕ್ಕಳಿಗಿರಲಿ. ಅಜ್ಜಿಗೆ ಅಲುಗದ ಮಂದ ಹಳದಿ ಬೆಳಕು ಸಾಕು. ಅದಕ್ಕೆ ಬೇಕಾಗುವ ವಿದ್ಯುತ್ತೂ ಅಲ್ಪ. ಕರೆಂಟು ಹೋದ ರಾತ್ರಿ ಇನ್‌ವರ್ಟರಿಗೂ ಭಾರವಾಗದು.