ನೆರವಿನ ಕೈ

ಮನೆಯ ಒಲೆಯನ್ನೇ ನಂಬಿ ಬದುಕು ಕಟ್ಟಿಕೊಂಡ ಕುಟುಂಬಗಳು ನಮ್ಮ ನಾಡಿನಲ್ಲಿ ಅನೇಕ. ಕೆಲವರು ಹಪ್ಪಳ, ಸಂಡಿಗೆಗಳನ್ನು ಮಾಡಿ ಮಾರುತ್ತಾರೆ. ಕೆಲವರು ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಸಿದ್ಧಪಡಿಸುತ್ತಾರೆ. ಉತ್ತರ ಕರ್ನಾಟಕದ ಊರುಗಳಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಮನೆಗಳಿವೆ. ಇಂತಹ ಉದ್ಯಮವನ್ನು ಆರಂಭಿಸಲು ದೊಡ್ಡ ಬಂಡವಾಳ ಬೇಕಿಲ್ಲ. ಒಲೆ, ಹೆಂಚು, ಹಿಟ್ಟು ಮತ್ತು ಪಳಗಿದ ಕೈ ಇದ್ದರೆ ಸಾಕು. ಆದರೆ ರುಚಿಯ ಸುದ್ದಿ ಬಾಯಿಂದ ಬಾಯಿಗೆ ಹರಡಿ ಬೇಡಿಕೆ ಹೆಚ್ಚಿದಾಗ ಎರಡು ಕೈಗಳು ಸಾಲವು. ಆಗ ಮನೆಯೊಡತಿಯ ಮುಂದೆ ಪ್ರಶ್ನೆಯೊಂದು ಏಳುತ್ತದೆ: ನೆರವಿಗೆ ಇನ್ನೊಬ್ಬರನ್ನು ಕರೆದುಕೊಳ್ಳಬೇಕೆ? ಕರೆದುಕೊಂಡರೆ ಅವರನ್ನು ಹೇಗೆ ನಡೆಸಿಕೊಳ್ಳಬೇಕು?

ಮೊದಲನೆಯ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ರೊಟ್ಟಿ ಮಾಡುವ ಗೃಹಿಣಿಯೊಬ್ಬಳು ದಿನಕ್ಕೆ 100 ರೊಟ್ಟಿ ಮಾರುತ್ತಾಳೆಂದೂ, ಹಿಟ್ಟು ಉರುವಲುಗಳ ಖರ್ಚು ಕಳೆದು ರೊಟ್ಟಿಗೆ 4 ರೂಪಾಯಿ ಉಳಿಯುವುದೆಂದೂ ಭಾವಿಸೋಣ. ಅವಳ ದಿನದ ಗಳಿಕೆ 400 ರೂಪಾಯಿ. ದಿನಕ್ಕೆ 500 ರೂಪಾಯಿ ಕೂಲಿಯ ಮೇಲೆ ಒಬ್ಬಾಕೆ ನೆರವಿಗೆ ಬಂದು, 250 ರೊಟ್ಟಿಗಳು ಮಾರಾಟವಾದರೆ, ಉಳಿದ 1,000 ರೂಪಾಯಿಯಲ್ಲಿ ಕೂಲಿ ಕಳೆದು ಒಡತಿಗೆ 500 ರೂಪಾಯಿ ದಕ್ಕುತ್ತದೆ. ಆದರೆ 180 ರೊಟ್ಟಿಗಳಿಗೆ ಮಾತ್ರ ಬೇಡಿಕೆಯಿದ್ದರೆ? 720 ರೂಪಾಯಿಯಲ್ಲಿ ಕೂಲಿ ಕೊಟ್ಟು ಅವಳಿಗೆ ಉಳಿಯುವುದು ಕೇವಲ 220 ರೂಪಾಯಿ. ಆದ್ದರಿಂದ ಹಬ್ಬದ ನಾಲ್ಕು ದಿನಗಳ ಗಿರಾಕಿಯನ್ನು ನೋಡಿ ಆತುರಪಡಬಾರದು. ಬೇಡಿಕೆ ಸ್ಥಿರವಾಗಿ ನಿಲ್ಲುವುದೇ ಎಂಬುದನ್ನು ಅರಿತು ಹೆಜ್ಜೆ ಇಡಬೇಕು.

ಎರಡನೆಯ ಸಂಗತಿ ರುಚಿಗೆ ಸಂಬಂಧಿಸಿದ್ದು. ಒಂಟಿಯಾಗಿ ದುಡಿಯುವಾಗ ಉಪ್ಪು ಖಾರಗಳ ಅಳತೆಯನ್ನು ಕೈಯೇ ಬಲ್ಲದು. ಆದರೆ ಒಬ್ಬರ ಚಿಟಿಕೆ ಇನ್ನೊಬ್ಬರ ಚಿಟಿಕೆಯಲ್ಲ. ಹೊಸಬರು ಬಂದ ದಿನವೇ ಚಿಟಿಕೆ ಬೊಗಸೆಗಳು ತಕ್ಕಡಿಗೂ ಅಳತೆಯ ಪಾತ್ರೆಗೂ ದಾರಿ ಬಿಡಬೇಕು. ಅಳತೆಯನ್ನು ಬರೆದಿಟ್ಟು, ಮಾಡಿ ತೋರಿಸಿ, ಮಾಡಿಸಿ ನೋಡಬೇಕು. ಕಲಿಸದೆ ಗದರುವುದು ಒಡೆತನದ ಲಕ್ಷಣವಲ್ಲ. ಶುಚಿತ್ವದ ವಿಷಯದಲ್ಲಿ ಇಬ್ಬರಿಗೂ ಒಂದೇ ನಿಯಮ. ಕೈ ತೊಳೆಯುವುದು, ತಲೆಗೂದಲನ್ನು ಕಟ್ಟುವುದು, ಜ್ವರ ಭೇದಿಗಳಿದ್ದಾಗ ಆಹಾರವನ್ನು ಮುಟ್ಟದಿರುವುದು ಇಬ್ಬರ ಕರ್ತವ್ಯ. ಬೇನೆಯ ದಿನ ಕೂಲಿ ತಪ್ಪುವ ಭಯವಿದ್ದರೆ ಕೆಲಸದಾಕೆ ಬೇನೆಯನ್ನು ಮುಚ್ಚಿಟ್ಟು ಬರುತ್ತಾಳೆ. ಅದರಿಂದ ಉಣ್ಣುವವರಿಗೂ ಕೇಡು ಎಂಬುದನ್ನು ಮರೆಯಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. "ಅವಳು ನಮ್ಮ ಮನೆಯವಳಂತೆಯೇ" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಮಾತು ಸವಿಯಾದುದೇ. ಆದರೆ ಕೆಲಸದ ವೇಳೆಯನ್ನು ಗೊತ್ತುಮಾಡದಿರುವುದಕ್ಕೆ, ಕೂಲಿಯನ್ನು ಮುಂದೂಡುವುದಕ್ಕೆ, ಉಳಿದ ಅನ್ನವನ್ನೇ ಸಂಬಳವೆಂದು ಎಣಿಸುವುದಕ್ಕೆ ಆ ಮಾತು ನೆಪವಾದರೆ, ಅದು ಪ್ರೀತಿಯಲ್ಲ, ಶೋಷಣೆ. ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕೆ ಕಡಿಮೆಯಾಗದ ಕೂಲಿಯನ್ನು ಮೊದಲೇ ಮಾತಾಡಿ, ಹೇಳಿದ ದಿನ ಕೊಡಬೇಕು. ಶಾಲೆಯಲ್ಲಿರಬೇಕಾದ ಎಳೆಯ ಮಕ್ಕಳನ್ನು ಅಗ್ಗದ ಕೂಲಿಗೆ ಒಲೆಯ ಮುಂದೆ ಕೂರಿಸುವುದು ಅನ್ಯಾಯ. ಹದಿನಾಲ್ಕು ವರ್ಷ ತುಂಬದವರನ್ನು ಕೂಲಿಗೆ ದುಡಿಸುವುದನ್ನು ಕಾನೂನೂ ನಿಷೇಧಿಸಿದೆ.

ನೆರವಿಗೆ ಬಂದವರನ್ನು ಒಡೆಯರನ್ನಾಗಿಯೇ ಮಾಡಿದ ಉದಾಹರಣೆಯೊಂದು ನಮ್ಮ ದೇಶದಲ್ಲಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ಪಡೆದು, ಕಟ್ಟಡವೊಂದರ ಮಹಡಿಯ ಮೇಲೆ ಹಪ್ಪಳ ಮಾಡತೊಡಗಿದರು. ಅದೇ ಮುಂದೆ 'ಲಿಜ್ಜತ್ ಪಾಪಡ್' ಎಂದು ಹೆಸರಾಯಿತು. ಅಲ್ಲಿ ಹಪ್ಪಳ ಲಟ್ಟಿಸುವವರು ಆಳುಗಳಲ್ಲ, ಪಾಲುದಾರ ಸೋದರಿಯರು. ಅವರು ಮುಂಜಾನೆ ಕೇಂದ್ರದಿಂದ ನಾದಿದ ಹಿಟ್ಟನ್ನು ಒಯ್ದು, ಮನೆಯಲ್ಲಿ ಲಟ್ಟಿಸಿ ಒಣಗಿಸಿ, ಮರುದಿನ ತಂದೊಪ್ಪಿಸಿ, ಲಟ್ಟಿಸಿದ ಪ್ರಮಾಣಕ್ಕೆ ತಕ್ಕ ಕೂಲಿ ಪಡೆಯುತ್ತಾರೆ. ಲಾಭದಲ್ಲಿಯೂ ನಷ್ಟದಲ್ಲಿಯೂ ಅವರಿಗೆ ಪಾಲುಂಟು. ಏಳು ಮಂದಿಯ ಆ ಕೂಟ ಇಂದು ನಲವತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಸಂಸ್ಥೆಯಾಗಿ ಬೆಳೆದಿದೆ. ಅದರ ಸ್ಥಾಪಕಿಯರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಪ್ರತಿಯೊಂದು ಮನೆಯೂ ಅಷ್ಟು ದೊಡ್ಡ ಸಂಸ್ಥೆಯಾಗಬೇಕಿಲ್ಲ. ಆದರೆ ಅದರ ನೀತಿ ಒಂದೇ ಒಲೆಯ ಅಡುಗೆಮನೆಗೂ ಸಲ್ಲುತ್ತದೆ. ನೆರವಿಗೆ ಬಂದ ಕೈ ತನ್ನ ಹಿಂದೆ ಇನ್ನೊಂದು ಮನೆಯ ಹಸಿವನ್ನು ಹೊತ್ತು ಬಂದಿರುತ್ತದೆ. ನಮ್ಮ ಒಲೆಯಲ್ಲಿ ಬೆಂದ ರೊಟ್ಟಿ ಆ ಮನೆಯ ಒಲೆಯನ್ನೂ ಉರಿಸಿದರೆ ಮಾತ್ರ ಉದ್ಯಮ ಬೆಳೆಯಿತೆಂದು ಹೇಳಬಹುದು.