ಮೊದಲ ವಾರ ರ‍್ಯಾಕೆಟ್ ಬೇಡ

ಹೈದರಾಬಾದಿನ ಕೊಂಡಾಪುರದ ಅಪಾರ್ಟ್‌ಮೆಂಟ್ ಒಂದರ ಬ್ಯಾಡ್ಮಿಂಟನ್ ಕೋರ್ಟ್, ಬೆಳಗಿನ ಆರು ಗಂಟೆ. ಹತ್ತು ವರ್ಷದ ಹುಡುಗಿ ಗೇಣೆತ್ತರದ ಪೆಟ್ಟಿಗೆಯ ಮೇಲಿಂದ ಮತ್ತೆ ಮತ್ತೆ ಕೆಳಕ್ಕೆ ಜಿಗಿಯುತ್ತಿದ್ದಾಳೆ. ಕೋಚ್ ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಿದ್ದಾರೆ. ಪಾದ ನೆಲ ಮುಟ್ಟಿದಾಗಲೆಲ್ಲ ಬಲ ಮೊಣಕಾಲು ಒಳಕ್ಕೆ ವಾಲುತ್ತದೆ. ಕಲಬುರಗಿ ಕಡೆಯ ತಾಯಿಗೆ ತಡೆಯಲಾಗಲಿಲ್ಲ: "ರ‍್ಯಾಕೆಟ್ ಯಾವಾಗ ಹಿಡಸ್ತೀರಿ ಸರ್? ಫೀಸ್ ಕಟ್ಟಿ ವಾರ ಆತು."

ಮಗುವನ್ನು ಹೀಗೆ ಅಳೆಯುವುದಕ್ಕೆ ಹೋದ ಆ ವಾರ ಹಾಳಾಗಿಲ್ಲ ಎನ್ನುವ ಪಕ್ಷ ನನ್ನದು. ಹಾಗೆ ವಾಲುವ ಮೊಣಕಾಲಿನ ಮೇಲೆ ಸ್ಮ್ಯಾಷು, ಜಿಗಿತ ಹೇರುತ್ತ ಹೋದರೆ ಒಳಗಿನ ಅಸ್ಥಿರಜ್ಜು ಹರಿಯುವ ಅಪಾಯ ಹೆಚ್ಚು. ಆ ನೋವನ್ನು ಬಲ್ಲವರ ಅಕಾಡೆಮಿ ಪಕ್ಕದ ಗಚ್ಚಿಬೌಲಿಯಲ್ಲೇ ಇದೆ. ಪುಲ್ಲೇಲ ಗೋಪಿಚಂದ್ 1994ರಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು, ಶಸ್ತ್ರಚಿಕಿತ್ಸೆಗಳನ್ನು ದಾಟಿ, ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಪಳಗಿ, 2001ರಲ್ಲಿ ಆಲ್ ಇಂಗ್ಲೆಂಡ್ ಟೂರ್ನಿ ಗೆದ್ದವರು. ಪ್ರಕಾಶ್ ಅದನ್ನು ಗೆದ್ದು ಆಗ 21 ವರ್ಷವಾಗಿತ್ತು.

ಅಳೆಯುವುದೆಂದರೆ ಬರೀ ಮೊಣಕಾಲಲ್ಲ, ಆಟಗಾರನ ಜಾಡು ಗುರುತಿಸುವುದೂ ಹೌದು. ಗುಂಟೂರು ಕಡೆಯ ಕಿಡಂಬಿ ಶ್ರೀಕಾಂತ್ ಗಚ್ಚಿಬೌಲಿಗೆ ಬಂದ ಮೇಲೂ ಡಬಲ್ಸ್ ಆಡಿಕೊಂಡಿದ್ದ ಹುಡುಗ. ಅವನನ್ನು ಸಿಂಗಲ್ಸ್‌ಗೆ ತಿರುಗಿಸಿದ್ದು ಗೋಪಿಚಂದ್. 2014ರ ಚೀನಾ ಓಪನ್ ಫೈನಲ್ಲಿನಲ್ಲಿ ಶ್ರೀಕಾಂತ್ ಚೀನಾದ ದಿಗ್ಗಜ ಲಿನ್ ಡಾನ್‌ರನ್ನು ಅವರದೇ ನೆಲದಲ್ಲಿ ಮಣಿಸಿದರು. 2017ರಲ್ಲಿ ನಾಲ್ಕು ಸೂಪರ್ ಸೀರೀಸ್ ಪ್ರಶಸ್ತಿ ಬಂದವು. ಡಬಲ್ಸ್‌ನಲ್ಲೇ ಬಿಟ್ಟಿದ್ದರೆ? ಊಹೆಯ ಮಾತು ಬಿಡಿ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ, ನಡೆಸಿಯೂ ನೋಡುತ್ತಾರೆ. ಕೋಚ್ ಹುಡುಕುವಾಗ ಮಾತ್ರ ಗೋಡೆಯ ಮೇಲಿನ ಫೋಟೊ, ಕಪಾಟಿನ ಟ್ರೋಫಿ ನೋಡಿ ದುಡ್ಡು ಕಟ್ಟಿಬಿಡುತ್ತೇವೆ. ಪಟಿಯಾಲದ ಎನ್‌ಐಎಸ್ ಕೋಚಿಂಗ್ ಡಿಪ್ಲೊಮಾ ಇದ್ದರೆ ಒಳ್ಳೆಯದೇ. ಆದರೆ ಅದು ಕೋಚ್ ಕಲಿತದ್ದಕ್ಕೆ ಸಾಕ್ಷಿ. ನಿಮ್ಮ ಮಗುವನ್ನು ಕಣ್ಣಿಟ್ಟು ನೋಡಿದ್ದಕ್ಕಲ್ಲ. ಹಳೆಯ ಪೆಟ್ಟು, ಉಬ್ಬಸ, ನಿದ್ದೆ ವಿಚಾರಿಸಿದರೇ? ಒಂಟಿಗಾಲಲ್ಲಿ ನಿಲ್ಲಿಸಿದರೇ? ಕುಕ್ಕರಗಾಲಲ್ಲಿ ಕೂರಿಸಿ ಹಿಮ್ಮಡಿ ಏಳುತ್ತದೋ ನೋಡಿದರೇ? ಸರಸರ ಎತ್ತರ ಬೆಳೆಯುವ ವಯಸ್ಸಿನಲ್ಲಿ ಅಭ್ಯಾಸ ತಗ್ಗಿಸಬೇಕಾಗುತ್ತದೆ, ಹಾಗಾಗಿ ಎತ್ತರವನ್ನೂ ಬರೆದಿಡಬೇಕು. ಇಷ್ಟಕ್ಕೆ ಬೇಕಾದ್ದು ಟೇಪು, ಸ್ಟಾಪ್‌ವಾಚು, ನೋಟ್‌ಬುಕ್ಕು.

ಇದರಲ್ಲೂ ಡೌಲು ಉಂಟು. ಬಣ್ಣಬಣ್ಣದ ಗ್ರಾಫಿನ ವರದಿ ಕೈಗಿತ್ತು, ಮರುದಿನ ಮೂವತ್ತು ಮಕ್ಕಳಿಗೂ ಒಂದೇ ಡ್ರಿಲ್ ಮಾಡಿಸುವವರನ್ನು ನಾನೇ ಕಂಡಿದ್ದೇನೆ. ಇನ್ನು ಹತ್ತು ವರ್ಷದ ಮಗುವನ್ನು ಅಳೆದು "ಚಾಂಪಿಯನ್ ಆಗ್ತಾಳೆ" ಎಂದೋ "ಇವಳ ಕೈಲಿ ಆಗಲ್ಲ" ಎಂದೋ ಷರಾ ಬರೆಯುವವರಿದ್ದರೆ, ಅಲ್ಲಿಂದ ಎದ್ದು ಬನ್ನಿ. ಪರೀಕ್ಷೆಯಿಂದ ನಾಳೆಯ ಅಭ್ಯಾಸದಲ್ಲಿ ಏನು ಬದಲಾಗುತ್ತದೆ, ಮತ್ತೆ ಅಳೆಯುವುದು ಯಾವಾಗ ಎಂದು ಕೇಳಿದರೆ ಸಾಕು, ಬಣ್ಣ ಬಯಲಾಗುತ್ತದೆ.

ಕೊಂಡಾಪುರದ ಹುಡುಗಿಗೆ ಎಂಟನೆಯ ದಿನ ರ‍್ಯಾಕೆಟ್ ಸಿಕ್ಕಿತು. ಜಂಪ್ ಸ್ಮ್ಯಾಷ್ ಸದ್ಯಕ್ಕಿಲ್ಲ.